ಬಿಸಿಲುಪಟ್ಟಿಗೊಂದು ಕುಪ್ಪಸ

ಕುಣಿಮಗ್ಗಕ್ಕೆ ಇಳಿಯುವುದು ಯಾರಿಗೂ ಕಷ್ಟವಲ್ಲ. ಏಳುವುದೇ ಕಷ್ಟ. ಮಗ್ಗದ ಕೋಣೆಯ ನೆಲದಲ್ಲಿ ಮೊಣಕಾಲುದ್ದ ತೋಡಿದ ಕುಣಿ ಇರುತ್ತದೆ. ನೇಯುವವರು ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದ ಕೋಲುಗಳನ್ನು ತುಳಿಯುತ್ತಾ ಲಾಳಿ ಓಡಿಸಬೇಕು. ಗುಳೇದಗುಡ್ಡದ ಗುರುಸಿದ್ದವ್ವ ಹಾಗೆ ಕೂತು ನಲವತ್ನಾಲ್ಕು ವರ್ಷ ಖಣ ನೇಯ್ದಿದ್ದಳು.

ಯಂತ್ರಮಗ್ಗಗಳು ಆಳಿಲ್ಲದೆ ತಾವೇ ನೇಯ್ದು, ತಾವೇ ಮಡಚಿ, ತಾವೇ ಗಾಡಿಗೆ ಹಾಕುವ ಕಾಲ ಅದು. ಆದರೂ ಮಗಳ ಉಡಿ ತುಂಬುವಾಗ ಕುಪ್ಪಸಕ್ಕೆ ಕೈಮಗ್ಗದ ಖಣವೇ ಆಗಬೇಕು ಎನ್ನುವವರು ಕಡಿಮೆಯಾಗಿರಲಿಲ್ಲ. ಹೀಗಾಗಿ ಆ ಓಣಿಯಲ್ಲಿ ಇನ್ನೂ ಮೂವತ್ತು ಮಗ್ಗಗಳ ಸದ್ದಿತ್ತು.

“ರತ್ನಾ, ಬಾರವಾ, ನನ್ನ ಕಿತ್ತು ತಗಿ” ಎಂದು ಗುರುಸಿದ್ದವ್ವ ಮಧ್ಯಾಹ್ನ ಕೂಗುತ್ತಿದ್ದಳು.

ಸೊಸೆ ರತ್ನಮಾಲಾ ಬಂದು ಹಿಂದಿನಿಂದ ಕಂಕುಳಿಗೆ ಕೈ ಹಾಕುತ್ತಿದ್ದಳು. “ಗಜ್ಜರಿ ಕಿತ್ತಂಗ ಕೀಳಬೇಕು ನೋಡ್ರಿ ಅತ್ತಿ ನಿಮ್ಮನ್ನ” ಎನ್ನುತ್ತಾ ಎತ್ತಿದರೆ, ಗುರುಸಿದ್ದವ್ವ ನಡುಗುವ ತೊಡೆಗಳ ಮೇಲೆ ನಿಂತು, ಗೋಡೆ ಹಿಡಿದು, ಎರಡು ನಿಮಿಷ ಉಸಿರು ತಗೊಂಡು ಆಮೇಲೆ ಹೆಜ್ಜೆ ಎತ್ತುವಳು.

ಒಂಬತ್ತು ವರ್ಷದಿಂದ ಅವಳಿಗೆ ಮೂತ್ರಪಿಂಡದ ಕಾಯಿಲೆ. ಸಾಯುವಂಥದ್ದಲ್ಲ, ಬಿಟ್ಟುಹೋಗುವಂಥದ್ದೂ ಅಲ್ಲ. ಮನೆಯಲ್ಲಿ ಬಂದು ಉಳಿದ ಬೀಗರ ಹಾಗೆ ಅದರ ಪಾಡಿಗೆ ಅದು ಇತ್ತು. ಆದರೆ ವರ್ಷ ವರ್ಷ ಅವಳ ಸ್ನಾಯುಗಳಿಂದ ಒಂದೊಂದು ಕಸುವು ಕಡ ಕೇಳಿದಂತೆ ಕೇಳಿ ಒಯ್ಯುತ್ತಿತ್ತು. ಮೊದಲು ಕೊಡ ಎತ್ತುವುದು ಹೋಯಿತು. ಆಮೇಲೆ ಅಟ್ಟ ಹತ್ತುವುದು. ಈಗ ಕುಣಿಯಿಂದ ಏಳುವುದು. ಅವಳ ಗಂಡ ಮಲ್ಲೇಶಪ್ಪ ಜಂತಿಯಿಂದ ಒಂದು ಹೊಸ ಹಗ್ಗ ಇಳಿಬಿಟ್ಟು, “ಇದನ್ನ ಹಿಡಕೊಂಡು ಏಳು” ಎಂದಿದ್ದ. ಹಗ್ಗ ಹಿಡಿದು ಜಗ್ಗಲು ಕೈಯಲ್ಲೂ ಬಲ ಬೇಕಲ್ಲ? ಹಗ್ಗ ಸುಮ್ಮನೆ ನೇತಾಡುತ್ತಿತ್ತು.

ಆ ವರ್ಷ ರತ್ನಮಾಲಾಗೆ ಬಾದಾಮಿ ಡಿಪೋದಲ್ಲಿ ಬಸ್ ಓಡಿಸುವ ನೌಕರಿಯ ಆದೇಶ ಬಂತು. ಜುಲೈ ಒಂದಕ್ಕೆ ಹಾಜರಾಗಬೇಕು. ಗುರುಸಿದ್ದವ್ವನ ಮಗ ಹುಬ್ಬಳ್ಳಿಯಲ್ಲಿ ಯಂತ್ರಮಗ್ಗ ದುರಸ್ತಿಯವನು, ವಾರಕ್ಕೊಮ್ಮೆ ಮನೆಗೆ ಬರುವವನು. ಮಲ್ಲೇಶಪ್ಪ ನೂಲಿಗೆ ಬಣ್ಣ ಹಾಕುವವನು. ಎಪ್ಪತ್ತು ದಾಟಿದ್ದ, ಅವನ ಸೊಂಟಕ್ಕೇ ಪಟ್ಟಿ ಇತ್ತು. ಹಗಲು ಗುರುಸಿದ್ದವ್ವನನ್ನು ಕುಣಿಯಿಂದ ಎತ್ತುವವರು ಯಾರು?

“ನಾ ನೌಕರಿಗೆ ಹೋಗೂದಿಲ್ರಿ ಅತ್ತಿ. ಬಸ್ ಎಲ್ಲಿ ಓಡಿ ಹೊಕ್ಕಾವು?”

“ಬಸ್ ಇರೂದ ಓಡಾಕ, ಹುಚ್ಚಿ. ನೀ ಹೋಗಲಿಲ್ಲಂದ್ರ ನಾ ಮಗ್ಗ ಬಿಚ್ಚಿ ಒಲಿಗೆ ಹಾಕ್ತೇನಿ.”

“ಹೋದ್ರ?”

ಸೊಸೆ ಹೋದರೂ ಮಗ್ಗ ಬಿಡಬೇಕು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ತಾನೇ ಎದ್ದು ನಿಲ್ಲುವಂತಾದರೆ ಮಾತ್ರ ಎರಡೂ ಉಳಿಯುತ್ತಿದ್ದವು.

ಇಂಥ ಹೊತ್ತಿಗೆ ಧಾರವಾಡದಿಂದ ಬಿಸಿಲುಪಟ್ಟಿ ಬಂತು.

*

ಬಿಸಿಲುಪಟ್ಟಿಯ ಸಂಗತಿ ಹೇಳಬೇಕೆಂದರೆ ಮೊದಲು ಬಿಸಿಲಿನ ಸಂಗತಿ ಹೇಳಬೇಕು. ಬಿಸಿಲು ಮೈಮೇಲೆ ಬಿದ್ದಾಗ ಚರ್ಮದಲ್ಲಿ ಡಿ ಜೀವಸತ್ವದ ಮೊದಲ ರೂಪ ತಯಾರಾಗುತ್ತದೆ. ಅದು ಯಕೃತ್ತಿಗೆ ಹೋಗಿ ಒಂದು ಸಂಸ್ಕಾರ ಪಡೆಯುತ್ತದೆ, ಮೂತ್ರಪಿಂಡಕ್ಕೆ ಬಂದು ಕೊನೆಯ ಸಂಸ್ಕಾರ ಪಡೆಯುತ್ತದೆ. ಆಮೇಲೆಯೇ ಎಲುಬಿಗೂ ಸ್ನಾಯುವಿಗೂ ಅದರಿಂದ ಪ್ರಯೋಜನ. ಗುರುಸಿದ್ದವ್ವನಂಥವರಲ್ಲಿ ಆ ಕೊನೆಯ ಮನೆಯೇ ಬಾಗಿಲು ಹಾಕಿಕೊಂಡಿರುತ್ತದೆ. ಅದಕ್ಕೆ ಗುಳಿಗೆ ಇದ್ದೇ ಇತ್ತು. ಆದರೆ ಗುಳಿಗೆ ನುಂಗಿದರೆ ಗುರುಸಿದ್ದವ್ವನ ರಕ್ತದಲ್ಲಿ ಸುಣ್ಣದ ಅಂಶ ಏರಿಬಿಡುತ್ತಿತ್ತು. ಎರಡು ಸಲ ಕೊಟ್ಟು ಎರಡು ಸಲವೂ ನಿಲ್ಲಿಸಿದ್ದರು. ಗುಳಿಗೆ ಒಮ್ಮೆಲೇ ಸುರಿಯುತ್ತದೆ. ಅವಳಂಥವರಿಗೆ ಬೇಕಾದದ್ದು ತೊಟ್ಟಿಕ್ಕುವಂಥದ್ದು.

ಧಾರವಾಡದ ಬೆಳಕು-ಚರ್ಮ ಪ್ರಯೋಗಶಾಲೆಯಲ್ಲಿ ಡಾಕ್ಟರ್ ಫರೀದಾ ನದಾಫ್ ಎಂಬಾಕೆ ಕೇಳಿಕೊಂಡದ್ದು ಒಂದೇ ಪ್ರಶ್ನೆ. ಮೂತ್ರಪಿಂಡದ ಆ ಒಂದು ಕೆಲಸವನ್ನು ತೋಳಿನ ಮೇಲೆ ಕಟ್ಟಿಕೊಳ್ಳುವಂತಿದ್ದರೆ? ಹನ್ನೊಂದು ವರ್ಷದ ಮೇಲೆ ಉತ್ತರ ಸಿಕ್ಕಿತು. ಎರಡು ಬೆರಳು ಅಗಲದ ರೇಷ್ಮೆಯ ಪಟ್ಟಿ. ಅದರ ಎಳೆಗಳೊಳಗೆ ಹಿಟ್ಟು ಹುಳಿ ಬರಿಸುವಂಥ ಸೂಕ್ಷ್ಮಜೀವಿಗಳು. ಅವಕ್ಕೆ ಆಹಾರವಾಗಿ ಅರಿಶಿಣದಂಥ ಹಳದಿ ಬಣ್ಣದ ಒಂದು ದ್ರವ್ಯ. ಪಟ್ಟಿಯ ಮೇಲೆ ಬಿಸಿಲು ಬಿದ್ದರೆ ಜೀವಿಗಳು ಎಚ್ಚರಗೊಂಡು, ಆ ಹಳದಿಯನ್ನು ತಿಂದು, ಸಿದ್ಧವಾದ ಡಿ ಸತ್ವವನ್ನು ಚರ್ಮಕ್ಕೆ ಹನಿಹನಿಯಾಗಿ ಬಿಡುತ್ತಿದ್ದವು. ದಿನಕ್ಕೆ ಅರ್ಧ ತಾಸು ಬಿಸಿಲು ಸಾಕು. ಸಂಜೆ ಬಿಚ್ಚಿ ಒಂದು ಡಬ್ಬಿಯಲ್ಲಿ ದ್ರವದೊಳಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಹಳದಿ. ಇಡುವಾಗ ಪಟ್ಟಿಯಲ್ಲಿ ಎಷ್ಟು ಹಳದಿ ಉಳಿದಿದೆ ಎಂದು ಡಬ್ಬಿಯೇ ನೋಡಿ ಧಾರವಾಡಕ್ಕೆ ತಿಳಿಸುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಕಾರವಾರದಲ್ಲಿ ಮೀನು ಮಾರುವ ಮೂವತ್ತು ಮಂದಿಗೆ, ಗುಳೇದಗುಡ್ಡದಲ್ಲಿ ಮೂವತ್ತೊಂದು ಮಂದಿಗೆ ಪಟ್ಟಿ ಕಟ್ಟಿದರು. ಎಲ್ಲರೂ ಬಹುಕಾಲದ ರೋಗಿಗಳು. “ದಿನಾ ಪಟ್ಟಿ ಕಟಿಗೊಂಡು ಅರ್ಧ ತಾಸು ಬಿಸಲಾಗ ಕುಂದರ್ರಿ” ಎಂದು ಫರೀದಾ ಹೇಳಿ, ನಾಲ್ಕು ಪುಟದ ಪುಸ್ತಿಕೆಯಲ್ಲಿ ಅದನ್ನೇ ಬರೆದುಕೊಟ್ಟಳು.

ಬಲ ಅಳೆಯಲು ಆರೋಗ್ಯ ಕೇಂದ್ರದಲ್ಲಿ ಒಂದು ಕುರ್ಚಿ ಇಟ್ಟಿದ್ದರು. ಎದೆಗೆ ಕೈಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದರು.

“ಇದೇನ್ ಆಟರೀ ಬಾಯಾರ?” ಗುರುಸಿದ್ದವ್ವ ನಕ್ಕಳು. “ಹುಟ್ಟಿದಾಗಿಂದ ನೆಲದ ಮ್ಯಾಲೆ ಕುಂತಾಕಿನ್ನ ಕುರ್ಚಿ ಮ್ಯಾಲಿಂದ ಏಳ್ಸಿ ಬಲ ನೋಡ್ತೀರಿ. ಬರ್ರಿ, ನಮ್ಮ ಕುಣ್ಯಾಗ ಕುಂದರ್ರಿ ನೀವು. ನಾವು ಎಣಸ್ತೀವಿ.”

ಎಲ್ಲರೂ ನಕ್ಕರು, ಫರೀದಾಳೂ ನಕ್ಕಳು. ಆದರೆ ಎಣಿಸಿದಳು. ಗುರುಸಿದ್ದವ್ವ ಎದ್ದದ್ದು ನಾಲ್ಕು ಸಲ.

*

ಮಲ್ಲೇಶಪ್ಪನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಓಣಿಯಲ್ಲಿ ಬಣ್ಣದ ವಿಷಯಕ್ಕೆ ಅವನ ಮಾತೇ ಕಡೆಯದು. ಅವನು ಅದ್ದಿದ ದಾಳಿಂಬೆ ಕೆಂಪು ಮೂರು ತಲೆಮಾರು ಉಟ್ಟರೂ ಬಿಡುವುದಿಲ್ಲ ಎಂಬ ಹೆಸರು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಅಂಗಳದಲ್ಲಿ ನೆರಳಲ್ಲೇ ಒಣಗಿಸಬೇಕು. ನೆರಳು ಸರಿದಂತೆ ಲಡಿಯೂ ಸರಿಯಬೇಕು. ಅವನ ದಿನವೆಲ್ಲ ಬಿಸಿಲಿನ ಜೊತೆ ಇಂಥ ಕಳ್ಳ-ಪೊಲೀಸ್ ಆಟದಲ್ಲೇ ಕಳೆಯುತ್ತಿತ್ತು.

ಪಟ್ಟಿ ಕಟ್ಟಿದ ಮೊದಲ ದಿನ ಹೆಂಡತಿ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದನ್ನು ಅವನು ನೋಡಿದ. ಸಂಜೆ ಪಟ್ಟಿ ನೋಡಿದ. ಎರಡನೆಯ ದಿನವೂ ನೋಡಿದ. ಹತ್ತನೆಯ ದಿನ ತಡೆದುಕೊಳ್ಳಲಾಗಲಿಲ್ಲ.

“ಗುರುಸಿದ್ದಿ, ಮುಂಜಾನೆ ಇದು ಅರಿಶಿಣ ಇತ್ತು. ಈಗ ಮಜ್ಜಿಗಿ ಆಗೈತಿ.”

“ರಾತ್ರಿ ಡಬ್ಬಿಗೆ ಹಾಕಿದ್ರ ಮತ್ತ ಬರತೈತಲ್ರಿ.”

“ಬರತೈತಿ. ಎಷ್ಟ ದಿನ ಬಂದೀತು? ಅದ ಬಣ್ಣದ ಬಾನಿಗೆ ದಿನಾ ಅದ್ದಿದ್ರ ಬಾನಿ ಸತ್ವ ತೀರೂದಿಲ್ಲೇನು? ಅರಿಶಿಣದ ಬಣ್ಣ ಬಿಸಲಿಗೆ ನಿಲ್ಲೂದಿಲ್ಲ ಅಂತ ನಮ್ಮಜ್ಜ ಡಂಗುರ ಹೊಡದಂಗ ಹೇಳಿ ಹೋಗ್ಯಾನ. ಪಾಪ, ಡಾಕ್ಟರ್ ಬಾಯಾರಿಗೆ ಔಷಧ ಗೊತ್ತಿದ್ದೀತು, ಬಣ್ಣ ಗೊತ್ತಿಲ್ಲ. ಔಷಧ ಎಲ್ಲಾ ಹಾರಿ ಹೋಗಾಕತ್ತೈತಿ ನೋಡು.”

ಗುರುಸಿದ್ದವ್ವ ಯೋಚಿಸಿದಳು. ಬಿಸಿಲು ಬೀಳಬೇಕಾದ್ದು ಮೈಗೆ. ಬಿಸಿಲಿನಿಂದ ಶಕ್ತಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪಟ್ಟಿ ಒಳಗಿನಿಂದ ತನ್ನ ಕೆಲಸ ಮಾಡುತ್ತದೆ. ಹಾಗಾದರೆ ಅದನ್ನು ಮುಚ್ಚಿದರೆ ನಷ್ಟವೇನು? ಪೆಟ್ಟಿಗೆಯಿಂದ ಒಂದು ಖಣದ ಚೂರು ತೆಗೆದು, ನಾಲ್ಕು ಬೆರಳು ಅಗಲ ಕತ್ತರಿಸಿ, ಅಂಚು ಮಡಚಿ, ಎರಡು ಗುಂಡಿ ಹಚ್ಚಿ ಪಟ್ಟಿಗೊಂದು ಕುಪ್ಪಸ ಹೊಲಿದಳು. ಮೇಲೆ ಸಣ್ಣ ತೇರಿನ ಬುಟ್ಟಾ ಕೂಡ ಬಂದಿತ್ತು. ನೋಡಲಿಕ್ಕೆ ಚಂದವೇ ಇತ್ತು.

ವಾರದೊಳಗೆ ಊರಿನ ಮೂವತ್ತೊಂದು ತೋಳಿಗೂ ಖಣದ ಕುಪ್ಪಸ. ಗುಂಡಿಯ ಬದಲು ಲಾಡಿ ಹಚ್ಚಿದವರೂ ಇದ್ದರು, ಅಂಚಿಗೆ ಜರಿ ಹಚ್ಚಿದವರೂ ಇದ್ದರು. ಎಲ್ಲರೂ ದಿನಾ ತಪ್ಪದೆ ಅರ್ಧ ತಾಸು ಬಿಸಿಲಿಗೆ ಕೂತರು. ಸಂಜೆ ಕುಪ್ಪಸ ಬಿಚ್ಚಿದರೆ ಪಟ್ಟಿ ಬೆಳಗಿನಂತೆಯೇ ಹಳದಿ. ಮಲ್ಲೇಶಪ್ಪ ಮನೆಮನೆಗೆ ಹೋಗಿ ನೋಡಿ, “ಹೌದ್ ನೋಡು. ಈಗ ಔಷಧ ಉಳಿತು” ಎಂದು ಸಮಾಧಾನಪಟ್ಟ.

ಫರೀದಾ ವಾರಕ್ಕೊಮ್ಮೆ ಪರದೆಯ ಮೇಲೆ ಮಾತಾಡಿಸುತ್ತಿದ್ದಳು. ಮನೆಗೆ ಬೀಗರು ಬಂದಾಗ ಹೊಸ ಕುರ್ಚಿಯ ಹೊದಿಕೆ ತೆಗೆಯುತ್ತೇವಲ್ಲ, ಹಾಗೆ ಎಲ್ಲರೂ ಆಗ ಕುಪ್ಪಸ ಬಿಚ್ಚಿ ಕೂರುತ್ತಿದ್ದರು.

“ದಿನಾ ಬಿಸಲಿಗೆ ಕುಂದರ್ತೀರಿ ಹೌದಿಲ್ರಿ ಯವ್ವಾ?”

“ದಿನಾ ಕುಂದರ್ತೇನ್ರಿ ಬಾಯಾರ. ಒಂದ ದಿನಾನೂ ತಪ್ಪಿಲ್ಲ.”

ಸುಳ್ಳಲ್ಲ. ಆಕೆ ಕೇಳಿದ್ದಕ್ಕೆ ಈಕೆ ಸರಿಯಾಗಿಯೇ ಹೇಳಿದ್ದಳು.

*

ಪ್ರಯೋಗಶಾಲೆಯ ಗೋಡೆಯ ಮೇಲೆ ದೊಡ್ಡ ನಕಾಶೆ ಇತ್ತು. ಪ್ರತಿ ಡಬ್ಬಿಗೂ ಒಂದು ಚುಕ್ಕೆ. ಪಟ್ಟಿಯ ಹಳದಿ ಖರ್ಚಾದರೆ ಚುಕ್ಕೆ ಬಿಳಿ, ಉಳಿದರೆ ಹಳದಿ. ಕಾರವಾರದ ಮೂವತ್ತು ಚುಕ್ಕೆಗಳು ಸಂಜೆಯಾದರೆ ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ. ಗುಳೇದಗುಡ್ಡದ ಚುಕ್ಕೆಗಳು ಮೊದಲ ಹತ್ತು ದಿನ ಬಿಳಿಯಾಗಿ, ಆಮೇಲಿನ ವಾರದಲ್ಲಿ ಒಂದೊಂದಾಗಿ ಹಳದಿಗೆ ತಿರುಗಿ, ಯುಗಾದಿ ಬಂದರೂ ಮೂವತ್ತೊಂದೂ ಚೆಂಡುಹೂವಿನ ಹಾಗೆ ಹಳದಿ.

ಪ್ರಯೋಗಶಾಲೆಯ ಹಿರಿಯ ಕಟ್ಟಿ ಸರ್ ಕನ್ನಡಕ ಹಣೆಗೇರಿಸಿ ನೋಡಿದರು.

“ಫರೀದಾ, ಇದರಾಗ ತಿಳಿಲಿಕ್ಕೆ ಏನದ? ಕಾರವಾರದ ಹವಾ ತಂಪು. ಗುಳೇದಗುಡ್ಡದಾಗ ಮಾರ್ಚದಾಗನ ನಲವತ್ತು ಡಿಗ್ರಿ. ನಿನ್ನ ಜೀವಿಗಳು ಕಾವಿಗೆ ಸತ್ತಾವ.”

“ಇಲ್ಲಿ ಒಲಿ ಮ್ಯಾಲೆ ನಲವತ್ತೆಂಟು ಡಿಗ್ರಿತನಕ ಇಟ್ಟು ನೋಡೇನ್ರಿ ಸರ್. ಸತ್ತಿಲ್ಲ.”

“ಒಲಿ ಬ್ಯಾರೆ, ಊರು ಬ್ಯಾರೆ. ರಕ್ತದ ವರದಿ ನೋಡು, ಡಿ ಏರಿಲ್ಲ. ಕುರ್ಚಿ ಲೆಕ್ಕ ನೋಡು. ಕಾರವಾರದಾಗ ಐದು ಇದ್ದದ್ದು ಎಂಟಾಗೇದ. ಗುಳೇದಗುಡ್ಡದಾಗ ಇದ್ದದ್ದು ಇದ್ದಂಗ. ನಿನ್ನ ಪಟ್ಟಿ ಬಯಲುಸೀಮಿ ಬಿಸಿಲಿಗೆ ಆಗೂದಿಲ್ಲ ಅಂತ ಬರದು, ಅಲ್ಲಿಂದ ವಾಪಸ್ ತರಸೋದು ಛಲೋ. ಏಪ್ರಿಲ್ ಹತ್ತಕ್ಕ ಸಮಿತಿ ಸಭಾ ಅದ.”

ಫರೀದಾ ಆ ರಾತ್ರಿ ನಿದ್ದೆಗೆಟ್ಟಳು ಎಂದೇನೂ ಬರೆಯಬೇಕಾಗಿಲ್ಲ. ಮಲಗಿದಳು, ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಗುಳೇದಗುಡ್ಡದ ಬಸ್ಸು ಹತ್ತಿದಳು. ವಾಪಸ್ ತರುವುದೇ ಆದರೆ ತಾನೇ ಹೋಗಿ ತರಬೇಕು, ಅವರ ಮುಖ ನೋಡಿ ಹೇಳಬೇಕು ಎಂದುಕೊಂಡಳು.

*

ಅವಳು ಹೇಳದೆ ಬಂದದ್ದರಿಂದ ಗುರುಸಿದ್ದವ್ವ ಮಗ್ಗದಲ್ಲೇ ಇದ್ದಳು. ಪಟ್ಟಿ ಗೂಟಕ್ಕೆ ತೂಗುತ್ತಿತ್ತು, ಅದರ ಕುಪ್ಪಸ ಪಕ್ಕದಲ್ಲಿ. ಹಗಲೆಲ್ಲ ಕಟ್ಟಿಕೊಂಡು ಬೆವರು ಹಿಡಿಸುವುದೇಕೆ ಎಂದು ಬಿಸಿಲಿಗೆ ಕೂರುವ ಹೊತ್ತಿಗಷ್ಟೇ ಕಟ್ಟುತ್ತಿದ್ದಳು.

ರತ್ನಮಾಲಾ ಎಂದಿನಂತೆ ಅತ್ತೆಯನ್ನು ಎತ್ತಿ ನಿಲ್ಲಿಸಿದಳು. ಫರೀದಾ ಬಾಗಿಲಲ್ಲಿ ನಿಂತು ನೋಡಿದಳು. ಆ ಎತ್ತುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಕುರ್ಚಿಯ ನಾಲ್ಕು ಎಂಬ ಅಂಕಿ ಎಂಥದೆಂದು ಆಗ ತಿಳಿಯಿತು.

ಚಹಾ ಬಂತು, ಮಲ್ಲೇಶಪ್ಪ ಬಂದ. ಫರೀದಾ ಸಮಿತಿಯ ಸಂಗತಿ ಹೇಳಿದಳು. ಪಟ್ಟಿ ವಾಪಸ್ ಒಯ್ಯಬೇಕಾದೀತು ಎಂದಳು.

ಗುರುಸಿದ್ದವ್ವ ಲೋಟ ಕೆಳಗಿಟ್ಟಳು. “ಹಂಗಾರ ನನ್ನ ಕಾಲಿಗೆ ಬಲ ಬರೂದಿಲ್ಲ ಅನ್ರಿ.”

“ನಾ ಹೋಗೂದಿಲ್ಲಂತ ಡಿಪೋಕ್ಕ ಬರದು ಹಾಕ್ತೇನ್ರಿ” ಎಂದಳು ರತ್ನಮಾಲಾ.

“ಬಾಯಿ ಮುಚ್ಚು” ಎಂದು ಗುರುಸಿದ್ದವ್ವ ಎಡಗೈ ಬೀಸಿದಳು. ಸೆರಗು ಸರಿಯಿತು.

ಫರೀದಾ ಆ ತೋಳನ್ನೇ ನೋಡಿದಳು. ಎರಡೂವರೆ ತಿಂಗಳು ಬಿಸಿಲಿಗೆ ಕೂತ ತೋಳು ರಾಗಿ ರೊಟ್ಟಿಯ ಹಾಗೆ ಕಪ್ಪಾಗಿತ್ತು. ನಡುವೆ ಪಟ್ಟಿ ಕಟ್ಟುವ ಜಾಗ ಬೆಳ್ಳಗೆ ಉಳಿದಿತ್ತು. ಅದು ಇರಬೇಕಾದ್ದೇ. ಆದರೆ ಬೆಳ್ಳನೆಯ ಜಾಗ ನಾಲ್ಕು ಬೆರಳು ಅಗಲ.

“ಯವ್ವಾ, ನನ್ನ ಪಟ್ಟಿ ಎರಡ ಬೆರಳ ಐತಿ. ಈ ಬಿಳಿ ಗುರ್ತು ನಾಲ್ಕ ಬೆರಳ ಹ್ಯಾಂಗಾತು?”

“ಕುಪ್ಪಸದ್ದರೀ ಅದು” ಎಂದಳು ಗುರುಸಿದ್ದವ್ವ ಸಹಜವಾಗಿ.

“ಎಂಥಾ ಕುಪ್ಪಸ?”

ಮಲ್ಲೇಶಪ್ಪನೇ ಎದ್ದು ಹೋಗಿ ಗೂಟದಿಂದ ತಂದು ತೋರಿಸಿದ. ಹೊಗಳಿಸಿಕೊಳ್ಳುವ ಹುರುಪು ಅವನಿಗೆ. ಅರಿಶಿಣದ ಬಣ್ಣ ಬಿಸಿಲಿಗೆ ಹೇಗೆ ಹಾರುತ್ತದೆ, ಬಾನಿ ಹೇಗೆ ಸಪ್ಪಗಾಗುತ್ತದೆ, ತಾನು ಹೇಗೆ ಮೂವತ್ತೊಂದು ಪಟ್ಟಿಗಳನ್ನು ಉಳಿಸಿದೆ, ಎಲ್ಲವನ್ನೂ ಬಿಡಿಸಿ ಹೇಳಿದ. ಫರೀದಾ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದಳು. ಮೊದಲು ಅವಳ ಹೆಗಲು ಅಲುಗಿತು. ಅಳುತ್ತಾಳೆಂದು ರತ್ನಮಾಲಾ ನೀರು ತರಲು ಓಡಿದಳು. ಫರೀದಾ ನಗುತ್ತಿದ್ದಳು.

“ಕಾಕಾರ, ಆ ಬಣ್ಣ ಹೋಗಬೇಕ್ರಿ. ಹೋದ ಬಣ್ಣ ಎಲ್ಲಾ ಯವ್ವನ ಮೈಯಾಗ ಹೊಕ್ಕೈತಿ. ಬಣ್ಣ ಉಳದ್ರ ಔಷಧ ಪಟ್ಟ್ಯಾಗ ಉಳೀತು ಅಂತ ಅರ್ಥ.”

ಮಲ್ಲೇಶಪ್ಪನ ಕೈಯಲ್ಲಿ ಕುಪ್ಪಸ ಹಾಗೇ ನಿಂತಿತು. ಒಮ್ಮೆ ಹೆಂಡತಿಯ ಕಾಲು ನೋಡಿದ, ಒಮ್ಮೆ ಜಂತಿಯಿಂದ ನೇತಾಡುವ ಹಗ್ಗ ನೋಡಿದ.

“ಅಂದ್ರ ಎರಡ ತಿಂಗಳ ಇಕಿನ್ನ ಕುಣ್ಯಾಗ ಕುಂದರಿಸಿದಾಂವ ನಾ.”

“ನೀವಲ್ರಿ, ನಾ. ಬಣ್ಣ ಹೋಗಬೇಕು ಅಂತ ಒಂದ ಸಾಲ ಬರದಿದ್ರ ಸಾಕಿತ್ತು. ಯಾರಿಗಾದ್ರೂ ತಿಳಿತೈತಿ ಅಂದ್ಕೊಂಡೆ. ಬಣ್ಣದವರ ಓಣಿಗೆ ಬಂದು ಬಣ್ಣದ ಮಾತ ಬಿಟ್ಟೆ ನೋಡ್ರಿ.”

ಅವನು ಕುಪ್ಪಸ ಮಡಚುತ್ತಲೇ ಇದ್ದ. ಗುರುಸಿದ್ದವ್ವನೇ ಅಂದಳು: “ನಲವತ್ನಾಲ್ಕ ವರ್ಷದಾಗ ಒಂದ ಸಲ ಬಣ್ಣ ಕೆಡಿಸಿದ್ರಿ. ಅದೂ ಕೆಡಬೇಕಾದ ಬಣ್ಣ ಕೆಡದಂಗ ನೋಡ್ಕೊಂಡು. ಇರ್ಲಿ ಬಿಡ್ರಿ. ಊಟಕ್ಕ ಏಳ್ರಿ.”

*

ಏಪ್ರಿಲ್ ಹತ್ತರ ಸಭೆಯಲ್ಲಿ ಫರೀದಾ ಮೇಜಿನ ಮೇಲೆ ಮೂವತ್ತೊಂದು ಖಣದ ಕುಪ್ಪಸಗಳನ್ನು ಸಾಲಾಗಿ ಇಟ್ಟಳು. ಸಮಿತಿಯವರು ಒಂದೊಂದನ್ನೇ ಎತ್ತಿ ನೋಡಿದರು. ಹೊಲಿಗೆ ಚಂದ ಇದೆ ಎಂದು ಒಬ್ಬಾಕೆ ಅಂದರು.

ಕಟ್ಟಿ ಸರ್ ಹೇಳಿದರು: “ಕಾವಿಗೆ ಸತ್ತಾವ ಅಂತ ಹನ್ನೆರಡು ಪುಟದ ಟಿಪ್ಪಣಿ ಬರದೀನಿ ನಾ. ಅದಕ್ಕೂ ಒಂದು ಕುಪ್ಪಸ ಹೊಲಿಸಿಬಿಡು.” ಆಮೇಲೆ ಗಂಭೀರವಾಗಿ, “ಹಿಂದಿನ ಲೆಕ್ಕ ಎಲ್ಲಾ ಬಿಟ್ಟು ಇವತ್ತಿನಿಂದ ಹೊಸದಾಗಿ ಹಿಡೀರಿ. ಹನ್ನೆರಡು ವಾರ. ಅಷ್ಟರಾಗ ಕಾಣಲಿಲ್ಲಂದ್ರ ನಿಲ್ಲಿಸೋದು” ಎಂದರು.

ಹನ್ನೆರಡು ವಾರ ಎಂದರೆ ಜುಲೈ ಮೊದಲ ವಾರ. ರತ್ನಮಾಲಾ ಹಾಜರಾಗಬೇಕಾದ ದಿನವೂ ಹೆಚ್ಚುಕಡಿಮೆ ಅದೇ.

ಮಲ್ಲೇಶಪ್ಪ ಸುಮ್ಮನೆ ಕೂರುವ ಆಳಲ್ಲ. ಅವನಿಗೆ ತಪ್ಪು ತೀರಿಸಬೇಕಿತ್ತು. ಏಳು ಸಣ್ಣ ಲಡಿಗಳನ್ನು ತಗೊಂಡು, ಮೊದಲನೆಯದಕ್ಕೆ ಗಟ್ಟಿ ಹಳದಿ, ಎರಡನೆಯದಕ್ಕೆ ಒಂದು ಮುಳುಗು ಕಡಿಮೆ, ಹೀಗೆ ಇಳಿಸುತ್ತಾ ಏಳನೆಯದಕ್ಕೆ ಬರೀ ಹಾಲುಬಿಳಿ ಬರುವಂತೆ ಅದ್ದಿ, ತನ್ನ ಮನೆಯ ಕಟ್ಟೆಯ ಮೇಲೆ ಸಾಲಾಗಿ ತೂಗುಹಾಕಿದ. ಸಂಜೆ ಎಲ್ಲರೂ ಪಟ್ಟಿ ತಂದು ಲಡಿಯ ಪಕ್ಕ ಹಿಡಿಯಬೇಕು.

“ನಾಲ್ಕನೇ ಲಡಿ! ಏ ನೀಲಗಂಗವ್ವ, ಎಲ್ಲಿ ಕುಂತಿದ್ದಿ, ನೆರಳಾಗೇನು?”

“ಮಾಳಗಿ ಮ್ಯಾಲೆ ಕುಂತಿದ್ನೋ ಮಾರಾಯ. ಮೊಮ್ಮಗಳು ಬಂದು ಕೊಡೆ ಹಿಡದ್ಲು.”

“ಮೊಮ್ಮಗಳಿಗೆ ಹೇಳು, ನಾಳೆ ಕೊಡೆ ಹಿಡದ್ರ ಆಕಿ ಲಗ್ನಕ್ಕ ಖಣ ಸಿಗೂದಿಲ್ಲಂತ. ನಾಳೆ ಆರನೇ ಲಡಿ ಆಗಿರಬೇಕು.”

ಈ ಏಳು ಲಡಿಗಳ ಸುದ್ದಿ ಕೇಳಿ ಫರೀದಾ ಅಂಥದ್ದೇ ಇನ್ನೊಂದು ಸಾಲು ಮಾಡಿಸಿಕೊಂಡು ಧಾರವಾಡಕ್ಕೆ ಒಯ್ದಳು. ಡಬ್ಬಿಯ ಲೆಕ್ಕಕ್ಕೂ ಮಲ್ಲೇಶಪ್ಪನ ಕಣ್ಣಿಗೂ ತಾಳೆ ನೋಡಿದರೆ ಅಂತರವೇ ಇರಲಿಲ್ಲ. ಎರಡು ಡಬ್ಬಿಗಳ ವಿಷಯದಲ್ಲಂತೂ ಅವನೇ ಸರಿ, ಡಬ್ಬಿಗಳೇ ಕೆಟ್ಟಿದ್ದವು.

ನಕಾಶೆಯ ಮೇಲೆ ಗುಳೇದಗುಡ್ಡದ ಚುಕ್ಕೆಗಳು ಬೆಳ್ಳಗಾಗತೊಡಗಿದವು. ಮೈಯಲ್ಲಿ ಬದಲಾವಣೆ ಬರುವುದು ಮಾತ್ರ ನಿಧಾನ. ನಾಲ್ಕನೆಯ ವಾರ ಗುರುಸಿದ್ದವ್ವನಿಗೆ ಬೆಳಗಿನ ಎಲುಬಿನ ನೋವು ಕಡಿಮೆ ಎನಿಸಿತು. ಏಳನೆಯ ವಾರ ಜೋಳದ ಹಿಟ್ಟು ತಾನೇ ನಾದಿದಳು. ಎಂಟನೆಯ ವಾರದ ಕುರ್ಚಿಯಲ್ಲಿ ಆರು ಸಲ ಎದ್ದಳು. ಮೂತ್ರಪಿಂಡ ಇದ್ದಂತೆಯೇ ಇತ್ತು, ಬೀಗರು ಹೋಗಿರಲಿಲ್ಲ. ಆದರೆ ಮನೆಯವರಿಗೆ ಓಡಾಡಲಿಕ್ಕೆ ಸ್ವಲ್ಪ ಜಾಗ ಬಿಟ್ಟಿದ್ದರು.

ಕುಣಿಯಿಂದ ಏಳುವುದು ಮಾತ್ರ ಇನ್ನೂ ಆಗಿರಲಿಲ್ಲ. ದಿನಾ ಒಮ್ಮೆ ನೋಡುವಳು. ಅರ್ಧಕ್ಕೆ ಬಂದು ತೊಡೆ ನಡುಗಿ ಮತ್ತೆ ಕೂರುವಳು. “ರತ್ನಾ, ಬಾರವಾ.”

*

ಜೂನ್ ಇಪ್ಪತ್ತಾರು. ರತ್ನಮಾಲಾ ಕಾಗದಪತ್ರ ತೋರಿಸಲು ಬಾದಾಮಿಗೆ ಹೋಗಿದ್ದಳು. ಮಧ್ಯಾಹ್ನದೊಳಗೆ ಬರುತ್ತೇನೆ, ಅಲ್ಲಿತನಕ ಮಗ್ಗಕ್ಕೆ ಇಳಿಯಬೇಡಿರಿ ಎಂದು ಹೇಳಿಯೇ ಹೋಗಿದ್ದಳು. ಒಂದು ಖಣ ಇನ್ನು ಗೇಣುದ್ದ ಉಳಿದಿತ್ತು. ಗುರುಸಿದ್ದವ್ವ ಇಳಿದಳು.

ಮಲ್ಲೇಶಪ್ಪ ಆ ದಿನ ನೇರಳೆ ಬಣ್ಣದ ಹದಿನೆಂಟು ಲಡಿ ಅದ್ದಿ ಅಂಗಳದ ಮೂಡಣ ಗೋಡೆಯ ನೆರಳಿಗೆ ಹಾಕಿದ್ದ. ನೇರಳೆ ಅವನಿಗೂ ಹೆದರಿಕೆಯ ಬಣ್ಣ. ಹಸಿಯಿದ್ದಾಗ ಬಿಸಿಲು ಸೋಕಿದರೆ ತಾಮ್ರದ ಮಚ್ಚೆ ಬೀಳುತ್ತದೆ. “ಹೀಂಗ ಹೋಗಿ ಹಾಂಗ ಬಂದೆ” ಎಂದು ನೀಲಗಂಗವ್ವನ ಮನೆಗೆ ಪಟ್ಟಿ ನೋಡಲು ಹೋದವನು ಅಲ್ಲಿ ಚಹಾಕ್ಕೆ ಕೂತ.

ಗುರುಸಿದ್ದವ್ವ ಲಾಳಿ ಓಡಿಸುತ್ತಾ ಬಾಗಿಲಿನಾಚೆ ನೋಡಿದಳು. ಸೂರ್ಯ ನೆತ್ತಿಗೆ ಏರುತ್ತಿದ್ದ. ಬಿಸಿಲು ಅಂಗಳದ ಕಲ್ಲುಗಳ ಮೇಲೆ ಒಂದೊಂದೇ ಕಲ್ಲು ದಾಟುತ್ತಾ ಗೋಡೆಯ ಕಡೆ ಹೊರಟಿತ್ತು. ಲಡಿಗಳಿಗೆ ಇನ್ನು ಮೂರು ಕಲ್ಲು.

“ಕೇಳಿರೇನ್ರಿ! ಬಿಸಲ ಬಂತ್ರಿ!”

ಓಣಿಯಲ್ಲಿ ಮಗ್ಗಗಳ ಸದ್ದಿನಲ್ಲಿ ಅವಳ ಕೂಗು ಅಲ್ಲೇ ಮುಳುಗಿತು. ಬಿಸಿಲಿಗೆ ಎರಡು ಕಲ್ಲು ಉಳಿಯಿತು.

ಅವಳು ಲಾಳಿ ಇಟ್ಟಳು. ಒಂದು ಕಾಲನ್ನು ಕೈಯಿಂದ ಹಿಡಿದು ದಂಡೆಯ ಮೇಲೆ ತಂದಳು. ಇನ್ನೊಂದನ್ನೂ ತಂದಳು. ಎದುರಿಗೇ ಹಗ್ಗ ಇತ್ತು. ಕೈ ತಾನಾಗಿ ಅದರ ಕಡೆ ಹೋಯಿತು, ಹಿಡಿಯಿತು. ಹಗ್ಗ ಹಿಡಿದರೆ ಭಾರ ಹಿಂದಕ್ಕೆ ವಾಲಿ ಮತ್ತೆ ಕುಣಿಗೇ ಬೀಳುವ ಹಾಗಾಯಿತು. ಬಿಟ್ಟಳು. ನೆಲಕ್ಕೆ ಅಂಗೈ ಊರಿ, ಮೊಣಕಾಲ ಮೇಲೆ ಬಂದಳು. ಒಂದು ಪಾದ ಊರಿದಳು. ತೊಡೆ ನಡುಗಿತು. ಇಷ್ಟು ದಿನ ಇಲ್ಲಿಯೇ ಅವಳು ಸೋಲುತ್ತಿದ್ದದ್ದು. ನಡುಗಲಿ ಎಂದು ಬಿಟ್ಟಳು. ನೇರಳೆ ಲಡಿಯ ತುದಿಯನ್ನೇ ನೋಡುತ್ತಾ ಮೇಲೆ ತಳ್ಳಿದಳು. ತೊಡೆ ನಡುಗುತ್ತಲೇ ಅವಳನ್ನು ಎತ್ತಿತು.

ನಿಂತ ಮೇಲೆ ಉಸಿರು ತಗೊಳ್ಳಲು ಪುರುಸೊತ್ತಿರಲಿಲ್ಲ. ಅಂಗಳಕ್ಕೆ ನಡೆದು, ಹದಿನೆಂಟು ಲಡಿಗಳನ್ನು ಎರಡೆರಡಾಗಿ ಎತ್ತಿ ಪಡಸಾಲೆಯ ಒಳಗಿನ ಬಿದಿರ ಗಳಕ್ಕೆ ಹಾಕಿದಳು. ಹಸಿ ಲಡಿ ಭಾರ. ಒಂಬತ್ತು ಸಲ ಹೋಗಿ ಬಂದಳು. ಕೊನೆಯ ಜೋಡಿ ಎತ್ತುವಾಗ ಬಿಸಿಲು ಅವಳ ಹೆಬ್ಬೆರಳಿಗೆ ತಾಗಿತು, ಲಡಿಗೆ ತಾಗಲಿಲ್ಲ.

ಆಗ ಅವಳಿಗೆ ತಾನು ಏನು ಮಾಡಿದೆನೆಂದು ನೆನಪಾಯಿತು.

ಒಳಗೆ ಹೋಗಿ ಪಟ್ಟಿ ತಂದು ಕಟ್ಟಿಕೊಂಡಳು. ಲಡಿಗಳಿದ್ದ ಜಾಗದಲ್ಲೇ, ಗೋಡೆಗೆ ಬೆನ್ನು ಕೊಟ್ಟು, ತೋಳು ಚಾಚಿ ಬಿಸಿಲಿಗೆ ಕೂತಳು.

ಮಲ್ಲೇಶಪ್ಪ ಓಡುತ್ತಲೇ ಬಂದ. ಬರಿಗೋಡೆ ನೋಡಿ ನಿಂತುಬಿಟ್ಟ.

“ಲಡಿ ಎಲ್ಲಿ?”

“ನೆರಳಾಗ ಅದಾವ.”

“ಸೊಸಿ ಬಂದ್ಲೇನು?”

“ಇಲ್ಲ.”

“ಮತ್ತ ಯಾರ ಒಯ್ದು ಹಾಕಿದ್ರು?”

ಗುರುಸಿದ್ದವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. “ಸರದು ನಿಂದರ್ರಿ. ನನ್ನ ಬಿಸಲ ಮುಚ್ಚಾಕತ್ತೀರಿ.”

ಅವನು ಮಗ್ಗದ ಕೋಣೆಗೆ ಹೋಗಿ ನೋಡಿದ. ಲಾಳಿ ಹಾಸುನೂಲಿನ ಮೇಲೆ ಅಡ್ಡ ಬಿದ್ದಿತ್ತು. ಕುಣಿ ಖಾಲಿ. ದಂಡೆಯ ಧೂಳಿನಲ್ಲಿ ಎರಡು ಅಂಗೈ ಗುರುತು, ಒಂದು ಮೊಣಕಾಲಿನದು, ಆಮೇಲೆ ಬಾಗಿಲ ಕಡೆಗೆ ಹೆಜ್ಜೆಗಳು.

ರತ್ನಮಾಲಾ ಬಾದಾಮಿಯಿಂದ ಬಂದಾಗ ಮಾವ ಏಣಿ ಹತ್ತಿ ಜಂತಿಯಿಂದ ಹಗ್ಗ ಬಿಚ್ಚುತ್ತಿದ್ದ.

“ಏನ್ರಿ ಮಾವಾರ, ಅದನ್ಯಾಕ ಬಿಚ್ಚಾಕತ್ತೀರಿ?”

“ಗಳ ಸಾಲೂದಿಲ್ಲವಾ” ಎಂದ ಮಲ್ಲೇಶಪ್ಪ, ಮುಖ ಆಚೆ ತಿರುಗಿಸಿಕೊಂಡು. “ಛಲೋ ಹಗ್ಗ. ಸುಮ್ಮನ ಇಲ್ಲಿ ನೇತಾಡೂದ್ಯಾಕ? ಲಡಿ ಒಣಹಾಕಾಕ ಬರತೈತಿ.”